ಸೌಟೆಣ್ಣೆಯ ಮರ್ಯಾದೆ

“ಕೇಳ್ರಪ್ಪೋ ಕೇಳಿ! ಹಿಮಗಾಡಿಗೆ ಯಾವ ಎಣ್ಣೆ ಹಾಕಬೇಕು ಅನ್ನೋದರ ಮೇಲೆ ವೀರಭಾನು ಮಹಾರಾಜರು ಮೂರು ಒಗಟು ಕೇಳ್ತಾರೆ. ಬಿಡಿಸಿದವರಿಗೆ ಕೇಳಿದ್ದು ಕೊಡ್ತಾರೆ. ಉತ್ತರ ಸರಿಯೋ ತಪ್ಪೋ ನೋಡೋಕೆ, ಹೇಳಿದವರು ತಾವು ಹೇಳಿದ ಎಣ್ಣೆಯನ್ನೇ ತುಂಬಿಸಿಕೊಂಡು ಒಬ್ಬರೇ ಬಿಳಿಕಣಿವೆ ದಾಟಬೇಕು!”

ಬೆಳ್ನಾಡಿನ ಬೀದಿಯಲ್ಲಿ ಈ ಡಂಗುರ ಕೇಳಿ ಜನ ಹಣೆ ಚಚ್ಚಿಕೊಂಡರು. ಮತ್ತೆ ಅದೇ ಎಣ್ಣೆಯ ರಾಮಾಯಣ! ಆ ರಾಜ್ಯದಲ್ಲಿ ವರ್ಷವಿಡೀ ಹಿಮ. ಎತ್ತು, ಕುದುರೆ ಏನೂ ನಡೆಯೋದಿಲ್ಲ. ಹಿಮದ ಮೇಲೆ ಜಾರುತ್ತ ಓಡುವ ಇಂಜಿನ್ ಗಾಡಿಯೇ ಎಲ್ಲದಕ್ಕೂ ಗತಿ. ಗಾಡಿ ತಯಾರಿಸಿದ ಕಂಪನಿಯ ಎಣ್ಣೆಯೇ ಆಗಬೇಕು ಅಂತ ಅರ್ಧ ಊರು, ಬಜಾರಿನದು ಏನು ಕಡಿಮೆ ಅಂತ ಇನ್ನರ್ಧ. ಮದುವೆ ಮನೆಯಲ್ಲೂ ಇದೇ ಜಗಳ, ಸಾವಿನ ಮನೆಯಲ್ಲೂ ಇದೇ. ಇಷ್ಟು ಬಡಿದಾಡಿದರೂ ಗಾಡಿಗಳು ಕಣಿವೆಯಲ್ಲಿ ನಿಲ್ಲೋದು ಮಾತ್ರ ತಪ್ಪಲಿಲ್ಲ. ಹೇಳುವ ನನಗೇ ಮೈ ಉರಿಯುತ್ತೆ, ಅನುಭವಿಸಿದವರ ಪಾಡು ಏನಾಗಿರಬೇಡ!

ರಾಜನಿಗಂತೂ ತಲೆ ಕೆಟ್ಟುಹೋಗಿತ್ತು, ಪಾಪ. ಹಿಂದಿನ ಮಾಗಿಯಲ್ಲಿ ರಾಣಿಗೆ ಜ್ವರ ಏರಿ, ಕಣಿವೆಯಾಚೆಯ ವೈದ್ಯರನ್ನು ಕರೆತರಲು ಬೊಮ್ಮ ಎಂಬ ಸವಾರನನ್ನು ಕಳಿಸಿದ್ದರು. ನಡುದಾರಿಯಲ್ಲಿ ಗಾಡಿ ನಿಂತಿತು. ವೈದ್ಯರು ಬರಲಿಲ್ಲ, ರಾಣಿ ಉಳಿಯಲಿಲ್ಲ. ಬೊಮ್ಮನನ್ನು ಸೆರೆಗೆ ಹಾಕಿದರು. ಒಗಟು ಬಿಡಿಸುವವರು ಸಿಗದಿದ್ದರೆ ಅಮಾವಾಸ್ಯೆಗೆ ಅವನಿಗೆ ನೇಣು.

ಮೊದಲು ಬಂದವನು ಮಂತ್ರಿಯ ಮಗ. ರಾಜ ಕೇಳಿದ: “ಒಬ್ಬಳು ತವರಿನ ಮೊಹರು ಹೊತ್ತು ಬಂದವಳು, ಇನ್ನೊಬ್ಬಳು ಸಂತೆಯಿಂದ ಬಂದವಳು. ಇಬ್ಬರೂ ಸೇರಿದ ಮನೆಗಾಗಿ ಉರಿದುಹೋಗ್ತಾರೆ. ಚಳಿಗಾಲಕ್ಕೆ ಯಾರನ್ನ ಮನೆ ತುಂಬಿಸ್ಕೋಬೇಕು?”

“ತವರಿನವಳನ್ನ! ಕಂಪನಿ ಎಣ್ಣೆ!” ಅಂದ ಅವನು, ಎದೆ ಉಬ್ಬಿಸಿ. ಅದನ್ನೇ ತುಂಬಿಸಿ ಕಳಿಸಿದರು. ಈಗ ಆ ನಾಡಿನ ಒಂದು ಮರ್ಯಾದೆ ಹೇಳಬೇಕು. ಬಂದವರಿಗೆ ನಾವು ನೀರು ಬೆಲ್ಲ ಕೊಡುವ ಹಾಗೆ, ಅಲ್ಲಿ ಗಾಡಿಗೆ ತಮ್ಮ ಮನೆಯ ಎಣ್ಣೆ ಒಂದು ಸೌಟು ಹಾಕುತ್ತಾರೆ. ಹೊರಟವರಿಗೂ ಒಂದು ಸೌಟು. ಬೇಡ ಅಂದರೆ ಮುಖಕ್ಕೆ ಹೊಡೆದಂತೆ. ಕಣಿವೆಯ ಬುಡದ ಹಳ್ಳಿಯಲ್ಲಿ ಬಜಾರಿನ ಎಣ್ಣೆಯವರೇ ಹೆಚ್ಚು. ಮಂತ್ರಿಯ ಮಗ ಅಂತ ಮನೆಮನೆಯವರೂ ಬಂದು ಹಾಕಿದರು. ಅವನು ಆಮೇಲೆ ವಾಪಸು ಬರಲಿಲ್ಲ.

ಎರಡನೆಯವನು ಎಣ್ಣೆ ವರ್ತಕ. “ಸಂತೆಯವಳೇ ಸರಿ” ಅಂದ. ಅವನ ಗಾಡಿಗೆ ಬಜಾರಿನ ಎಣ್ಣೆ ತುಂಬಿಸಿ, ಅರಮನೆಯ ಬಾಗಿಲಲ್ಲಿ ರಾಜನೇ ಕಂಪನಿ ಎಣ್ಣೆಯ ಸೌಟು ಹಾಕಿ ಬೀಳ್ಕೊಟ್ಟ. ಅವನು ನಡುದಾರಿಯಲ್ಲಿ ಗಾಡಿ ನಿಂತು, ಹಿಮಕ್ಕೆ ಕಾಲ್ಬೆರಳು ಕಳೆದುಕೊಂಡು ತೆವಳುತ್ತ ಬಂದ. “ಅದೂ ಅಲ್ಲ, ಇದೂ ಅಲ್ಲ ಅಂದ್ರೆ ಇನ್ನೇನು ತುಪ್ಪ ಸುರೀಬೇಕಾ?” ಅಂತ ರಾಜ ಕಿರೀಟ ತೆಗೆದು ಬಿಸಾಡಿದ.

ಆಗ ಬಂದಳು ಚೌಡಿ. ಕಣಿವೆಯಾಚೆ ಕಂಬಳಿ ನೇಯುವವಳು, ಬೊಮ್ಮನ ಅಕ್ಕ. ಬಾಗಿಲಲ್ಲಿ ರಾಜ ಸೌಟು ಎತ್ತಿದ ಕೂಡಲೇ ಎಣ್ಣೆ ಮುಚ್ಚಳದ ಮೇಲೆ ಕೈಯಿಟ್ಟು, “ಬೇಡ ಬುದ್ಧಿ” ಅಂದುಬಿಟ್ಟಳು. ಸಭೆ ಅಯ್ಯಯ್ಯೋ ಅಂದಿತು. ರಾಜ ಹಲ್ಲು ಕಚ್ಚಿಕೊಂಡು ಮೊದಲ ಒಗಟು ಕೇಳಿದ.

“ಚಳಿಗೆ ಗಟ್ಟಿಯಾಗದೆ ಹರಿಯೋಳನ್ನ ತುಂಬಿಸ್ಕೊಳ್ಳಿ” ಅಂದಳು ಚೌಡಿ. “ಎಂಥ ಎಣ್ಣೆ ಬೇಕು ಅಂತ ಗಾಡಿ ಮೇಲೇ ಬರೆದಿರ್ತಾರಲ್ಲ! ಆ ದರ್ಜೆಯದಾದ್ರೆ ಕಂಪನಿದೂ ಆಗುತ್ತೆ, ಬಜಾರಿನದೂ ಆಗುತ್ತೆ. ಇದಕ್ಕೆ ಊರೆಲ್ಲ ಜಗಳಾನಾ?”

“ಹಾಗಾದ್ರೆ ಇದು ಹೇಳು. ಒಬ್ಬ ತವರಿನವಳನ್ನ ಕರ್ಕೊಂಡು ಹೋದ, ಕಣಿವೇಲಿ ನಿಂತ. ಇನ್ನೊಬ್ಬ ಸಂತೆಯವಳನ್ನ ಕರ್ಕೊಂಡು ಹೋದ, ಅವನೂ ನಿಂತ. ನೀನು ಅದೇ ಕಣಿವೆ ದಾಟಿ ಬಂದು ನನ್ನೆದುರು ನಿಂತಿದ್ದೀಯ. ನಿನ್ನ ಗಾಡಿಯಲ್ಲಿರೋಳು ಯಾರು?”

“ಸಂತೆಯೋಳೇ ಬುದ್ಧಿ. ಆದ್ರೆ ಒಬ್ಬಳೇ ಇದ್ದಾಳೆ. ಅವರಿಬ್ಬರ ಗಾಡೀಲಿ ಇಬ್ಬಿಬ್ಬರಿದ್ರು. ಹಾಲೂ ಒಳ್ಳೇದು, ಮಜ್ಜಿಗೇನೂ ಒಳ್ಳೇದು. ಹಾಲಿಗೆ ಮಜ್ಜಿಗೆ ಬಿದ್ರೆ ಬೆಳಗ್ಗೆ ಹರಿಯುತ್ತಾ? ಈ ಎರಡೆಣ್ಣೆ ಸೇರಿದ್ರೂ ಅಷ್ಟೇ, ಚಳಿಗೆ ಹೆಪ್ಪಾಗಿ ನಳಿಗೆ ಕಟ್ಟಿಕೊಳ್ಳುತ್ತೆ. ಇದೇನು ನನ್ನ ಜಾಣತನ ಅಲ್ಲ. ನನ್ನ ಬಾಯಿ ಕೆಟ್ಟದ್ದು ಅಂತ ಯಾರೂ ಮನೆಗೆ ಕರೆಯಲ್ಲ, ಯಾರೂ ಸೌಟು ಹಾಕಲ್ಲ. ಅದಕ್ಕೇ ನನ್ನ ಗಾಡಿ ನಿಲ್ಲಲ್ಲ.”

ಯಾರೋ ಕಿಸಕ್ಕನೆ ನಕ್ಕರು. ರಾಜ ನಗಲಿಲ್ಲ. ಅವನ ಮೂರನೆಯ ಒಗಟಿನಲ್ಲಿ ತವರೂ ಇರಲಿಲ್ಲ, ಸಂತೆಯೂ ಇರಲಿಲ್ಲ.

“ನನ್ನ ರಾಣಿಯನ್ನ ಕೊಂದವರು ಯಾರು?”

ಉತ್ತರ ಚೌಡಿಗೆ ಗೊತ್ತಿತ್ತು. ಹೇಳಿದರೆ ತಲೆ ಹೋದೀತು, ಹೇಳದಿದ್ದರೆ ತಮ್ಮ ಹೋಗುತ್ತಾನೆ. ಕೊನೆಗೆ ಮೆಲ್ಲಗೆ ಕೇಳಿದಳು: “ಬೊಮ್ಮನ ಗಾಡೀಲಿ ಬಜಾರಿನ ಎಣ್ಣೆ ಇತ್ತು. ಅವನು ಹೊರಟಾಗ ಸೌಟು ಹಾಕಿದೋರು ಯಾರು ಬುದ್ಧಿ?”

ರಾಜ ತನ್ನ ಕೈ ನೋಡಿಕೊಂಡ.

“ನಾನೇ” ಅಂದ. “ಎರಡು ಸೌಟು ಹಾಕಿದೆ. ಬೇಗ ಹೋಗಿ ಬರಲಿ ಅಂತ.”

ಅಷ್ಟು ದಿನ ಕುದ್ದಿದ್ದ ಚೌಡಿಯ ಸಿಟ್ಟು ಅಲ್ಲೇ ಇಳಿದುಹೋಯಿತು. “ನೀವು ಪ್ರೀತಿಯಿಂದ ಹಾಕಿದ್ರಿ ಬುದ್ಧಿ. ಯಾರೂ ಕೊಲ್ಲಲಿಲ್ಲ. ನನ್ನ ತಮ್ಮನೂ ಕೊಲ್ಲಲಿಲ್ಲ. ರಾಜರಿಗೆ ಬೇಡ ಅನ್ನೋಕೆ ಅವನಿಗೆ ಬಾಯಿ ಬರಲಿಲ್ಲ, ಅಷ್ಟೇ.”

ಕೇಳಿದ್ದು ಕೊಡುತ್ತೇನೆ ಅಂದಿದ್ದ ರಾಜ. ಅವಳು ತಮ್ಮನನ್ನು ಬಿಟ್ಟು ಬೇರೇನೂ ಕೇಳಲಿಲ್ಲ. ಬೊಮ್ಮನನ್ನು ಹಿಂದೆ ಕೂರಿಸಿಕೊಂಡು, ಹೊಸ ಕಂಬಳಿ ಹೊದಿಸಿ, ಹೊರಟು ನಿಂತಳು. ಬೀಳ್ಕೊಡಲು ಬಂದ ರಾಜನ ಕೈ ಅಭ್ಯಾಸಬಲದಿಂದ ಸೌಟಿಗೆ ಹೋಯಿತು, ಅಲ್ಲೇ ನಿಂತಿತು.

“ನಿನ್ನದು ಯಾವ ಎಣ್ಣೆ ತಾಯಿ?”

“ಬಜಾರಿನದು ಬುದ್ಧಿ.”

“ನನ್ನದು ಕಂಪನಿದು” ಅಂದ ರಾಜ. ಸೌಟು ಕೆಳಗಿಟ್ಟು, ಬರಿಗೈಯಲ್ಲಿ ಬೊಮ್ಮನ ಕಂಬಳಿಯ ಅಂಚನ್ನು ಒಳಕ್ಕೆ ಸಿಕ್ಕಿಸಿದ. ಚೌಡಿ ಇಂಜಿನ್ನಿನ ಹಗ್ಗ ಎಳೆದಳು, ಗಾಡಿ ಚಾಲೂ ಆಯಿತು. ಅದರ ಸದ್ದು ಕಣಿವೆಯಾಚೆ ಇಳಿದು ಅಡಗುವವರೆಗೂ ರಾಜ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ.