ಫರಸಿಯ ಮೇಲೆ ಆಕಳು

"ಅಜ್ಜಾರ, ಇರೋ ಕಟ್ಟಿಗಿ ಎಂಟು ದಿನಕ್ಕೂ ಸಾಲಂಗಿಲ್ಲ. ಥಂಡಿ ಇನ್ನೂ ಒಂದು ತಿಂಗಳ ಇರತೈತಿ. ಇಷ್ಟರಾಗ ಮಠ ಬೆಚ್ಚಗ ಇಡೋದು ಹ್ಯಾಂಗ್ರಿ?"

ಹೀಗೆ ಕೇಳಿದವನು ಮುರಿಗಯ್ಯ, ಮಠದ ಶಿಷ್ಯ. ಅವನು ಕೇಳಿದ್ದು ತನಗಾಗಿ ಅಲ್ಲ. ಗುರುಗಳಿಗೆ ಎಂಬತ್ತು ದಾಟಿತ್ತು. ಆ ವರ್ಷದ ಚಳಿ ಅವರ ಎದೆಯಲ್ಲಿ ಕೂತುಬಿಟ್ಟಿತ್ತು. ಕೆಮ್ಮು ಶುರುವಾದರೆ ನಿಲ್ಲುತ್ತಿರಲಿಲ್ಲ, ಮತ್ತು ಪ್ರತಿ ಸಲ ಕೆಮ್ಮಿದಾಗಲೂ ಮುರಿಗಯ್ಯನ ಜೀವ ಹಿಡಿಯಷ್ಟಾಗುತ್ತಿತ್ತು.

ಅವನು ಕೈಲಾದದ್ದನ್ನೆಲ್ಲ ಮಾಡಿದ್ದ. ಪಡಸಾಲೆಯ ಕಿಟಕಿಗಳಿಗೆ ಗೋಣಿತಾಟು ಬಡಿದಿದ್ದ. ಬಾಗಿಲ ಸಂದಿಗೆ ಹಳೆಯ ಬಟ್ಟೆ ತುರುಕಿದ್ದ. ಮೂರು ಅಗ್ಗಿಷ್ಟಿಕೆ ಇಟ್ಟಿದ್ದ. ಪ್ರತಿ ವರ್ಷ ಹತ್ತಿ ಬಿಡಿಸಲು ಬೇರೆ ಊರುಗಳಿಂದ ಬರುವ ಕೂಲಿಯವರು ಪಡಸಾಲೆಯಲ್ಲೇ ಮಲಗುವುದು ವಾಡಿಕೆ. ಅವರು ಹೊತ್ತಿಗೊಮ್ಮೆ ಬಾಗಿಲು ತೆರೆಯುತ್ತಾರೆ, ಹೊಸದಾಗಿ ಸುಣ್ಣ ಬಳಿದ ಗೋಡೆಗೆ ಎಲೆಯಡಿಕೆ ಉಗಿಯುತ್ತಾರೆ ಎಂದು ಈ ಸಲ ಅವರಿಗೆ ಹೊರಗಿನ ಜಗಲಿ ತೋರಿಸಿದ್ದ. ಇಷ್ಟೆಲ್ಲ ಮಾಡಿದರೂ ಪಡಸಾಲೆ ತಣ್ಣಗೆ ಕೊರೆಯುತ್ತಿತ್ತು.

"ಕುಂದ್ರಪ್ಪಾ," ಎಂದರು ಗುರುಗಳು. "ಒಬ್ಬ ರೈತನ ಕತಿ ಹೇಳತೇನಿ, ಕೇಳು."

ದೀಪ ಹಚ್ಚುವ ಹೊತ್ತು. ಮುರಿಗಯ್ಯ ಒಂದು ಕೊರಡನ್ನು ಕೆಂಡದ ಮೇಲಿಟ್ಟು ಕೂತ. ಗುರುಗಳು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಎರಡು ಎತ್ತು, ಒಂದು ಆಕಳು, ಒಂದು ಎಮ್ಮೆ. ಮನೆ ಆ ಸೀಮೆಯ ಎಲ್ಲ ಮನೆಗಳ ಹಾಗೆಯೇ ಇತ್ತು. ಹೊಸ್ತಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಅವಕ್ಕೆ ಮೇವು ಹಾಕುವ ಗೋದಲಿ. ಅದರಾಚೆ ಎರಡು ಮೆಟ್ಟಿಲು ಎತ್ತರದ ಕಟ್ಟೆ, ಅಲ್ಲಿ ಮನುಷ್ಯರು. ದನಕ್ಕೂ ಜನಕ್ಕೂ ಒಂದೇ ಸೂರು. ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತಲೇ ರೈತ ಹುಟ್ಟಿ ಬೆಳೆದಿದ್ದ. ಎಷ್ಟೆಂದರೆ, ಅಂಥದೊಂದು ಸದ್ದು ಇದೆಯೆಂಬುದೇ ಅವನಿಗೆ ಮರೆತುಹೋಗಿತ್ತು.

ರೈತ ಮಗಳನ್ನು ಪಟ್ಟಣದ ಒಬ್ಬ ವ್ಯಾಪಾರಿಯ ಮಗನಿಗೆ ಕೊಟ್ಟ. ಮಗಳು ಬಸುರಿಯಾದಳು. ತವರಿನಲ್ಲಿ ಕುಬಸದ ಶಾಸ್ತ್ರ ಮಾಡಿದರು. ಬೀಗರು ಗಾಡಿ ಕಟ್ಟಿಕೊಂಡು ಬಂದರು. ವ್ಯಾಪಾರಿ ಹೊಸ್ತಿಲು ದಾಟಿದವನೇ ಶಲ್ಯದ ತುದಿಯಿಂದ ಮೂಗು ಮುಚ್ಚಿಕೊಂಡ. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೋಳಿಗೆ ಉಣ್ಣುವಾಗಲೂ ಎಡಗೈ ಶಲ್ಯ ಬಿಡಲಿಲ್ಲ. ಅವನು ಒಂದು ಮಾತು ಆಡಿದ್ದರೆ ರೈತನೂ ಒಂದು ಮಾತು ಆಡಿ ಮರೆಯುತ್ತಿದ್ದನೇನೋ. ಆಡದೆ ಮೂಗು ಮುಚ್ಚಿದ್ದು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಅವಮಾನವೆಂಬುದು ಬಡವರಿಗಷ್ಟೇ ಅಲ್ಲ, ಹೊಟ್ಟೆತುಂಬ ಉಂಡವರಿಗೂ ಆಗುತ್ತದೆ. ಬೇರೆ ಚಿಂತೆಯಿಲ್ಲದ ಕಾರಣ ಅವರು ಅದನ್ನು ಇನ್ನಷ್ಟು ದಿನ ಸಾಕುತ್ತಾರೆ, ಅಷ್ಟೇ.

ಮಗಳು ಹೆರಿಗೆಗೆ ಬಂದಳು. ಹೆತ್ತ ಮೇಲೆ ತೊಟ್ಟಿಲ ಕಾರ್ಯಕ್ಕೆ ಬೀಗರು ಮತ್ತೆ ಬರುತ್ತಾರೆ. ಅಷ್ಟರೊಳಗೆ ತನ್ನ ಮನೆ ನಾಲ್ಕು ಜನ ಮೆಚ್ಚುವಂತಾಗಬೇಕೆಂದು ರೈತ ಟೊಂಕ ಕಟ್ಟಿದ. ದನಗಳನ್ನು ಹೊಲದ ಕೊಟ್ಟಿಗೆಗೆ ಹೊಡೆದ. ಗೋದಲಿ ಕಿತ್ತು ಹಲಗೆಗಳನ್ನು ಹಿತ್ತಲಿಗೆ ಎಸೆದ. ಮಣ್ಣಿನ ನೆಲ ಅಗೆಸಿ ಕರಿಯ ಫರಸಿ ಕಲ್ಲು ಹಾಸಿಸಿದ. ಗಾಳಿ ಆಡಲೆಂದು ಎರಡು ಹೊಸ ಕಿಟಕಿ ಇರಿಸಿದ. ಗೋಡೆಗೆಲ್ಲ ಸುಣ್ಣ ಹೊಡೆಸಿದ. ಊರವರು ಬಂದು ನೋಡಿ, ಇನ್ನೇನು ಪಟ್ಟಣದ ಮನೆಯೇ ಆಯಿತು ಎಂದು ಹೊಗಳಿ ಹೋದರು.

ರೈತನ ಹೆಂಡತಿ ತೀರಿಹೋಗಿದ್ದಳು. ಮಗಳ ಬಾಣಂತನಕ್ಕೆ ಇದ್ದವಳು ಅವನ ತಾಯಿಯೊಬ್ಬಳೇ, ಹಲ್ಲಿಲ್ಲದ ಮುದುಕಿ. ಅವಳು ಹೊಸ ಫರಸಿಯ ಮೇಲೆ ಬರಿಗಾಲಿಟ್ಟು, ಥಟ್ಟನೆ ಹಿಂದೆ ತೆಗೆದಳು. "ಚಲೋ ಆಗೇತಿ" ಎಂದಳು. ಮಗನ ಮುಖದ ಖುಷಿ ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ.

ಮಗಳು ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣು ಕೂಸು. ಎರಡು ಅಂಗೈ ಸೇರಿಸಿದರೆ ಅದರಲ್ಲಿ ಹಿಡಿಯುವಷ್ಟು ಮೈ. ಸೂಲಗಿತ್ತಿ ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದಳು. "ಇದಕ್ಕ ಹಾಲಿನಷ್ಟ ಕಾವೂ ಬೇಕು. ಕಾವು ತಪ್ಪಿದರ ಕೂಸು ಉಳಿಯಂಗಿಲ್ಲ" ಎಂದು ಹೇಳಿ ಹೋದಳು.

ಅದೇ ವಾರ ಚಳಿ ಬಿತ್ತು. ಅಂಥ ಚಳಿಯನ್ನು ಊರಿನ ಹಿರಿಯರೂ ಕಂಡಿರಲಿಲ್ಲ. ಕೊಡದ ನೀರು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಊರ ನಾಯಿಗಳು ಒಲೆಯ ಬೂದಿ ಹುಡುಕಿಕೊಂಡು ಮನೆಯೊಳಗೆ ನುಗ್ಗುತ್ತಿದ್ದವು.

ರೈತ ಮೊದಲು ತೊಗರಿ ಕಟ್ಟಿಗೆ ಹಚ್ಚಿದ. ಭಗ್ಗೆಂದು ಉರಿಯಿತು, ಅಷ್ಟೇ ಬೇಗ ಆರಿತು. ಕುಳ್ಳು ಉರಿಸೋಣವೆಂದರೆ ಕುಳ್ಳಿನ ಒಟ್ಟಲು ಬರಿದಾಗಿತ್ತು. ದನ ಹೊಲದಲ್ಲಿ, ಹಾಗಾಗಿ ಸಗಣಿಯೂ ಹೊಲದಲ್ಲಿ. ಇದ್ದಿಲು ತಂದು ಅಗ್ಗಿಷ್ಟಿಕೆ ತುಂಬಿ ಬಾಣಂತಿಯ ಕೋಣೆಯ ಬಾಗಿಲು ಭದ್ರವಾಗಿ ಮುಚ್ಚಿದ. ಮಗಳಿಗೆ ತಲೆ ಸುತ್ತಿತು, ಕೂಸು ಮಂಕಾಯಿತು. ಹೌಹಾರಿ ಬಾಗಿಲು ತೆರೆದ. ಕೂಡಿಟ್ಟ ಕಾವೆಲ್ಲ ಒಂದೇ ಸಲಕ್ಕೆ ಹೊರಗೆ ಹೋಯಿತು. ಹೊಸ ಕಿಟಕಿಗೆ ಕಂಬಳಿ ಕಟ್ಟಿದ. ಬಾಣಂತಿ ನಡುಗುವುದನ್ನು ಕಂಡು ಆ ಕಂಬಳಿ ಬಿಚ್ಚಿ ಅವಳಿಗೆ ಹೊದಿಸಿದ. ಕಿಟಕಿಯಿಂದ ಗಾಳಿ ಬಂತು. ಮತ್ತೆ ಕಿಟಕಿಗೆ ಕಟ್ಟಿದ.

ಕೊನೆಗೆ ಹಿತ್ತಲಿನಲ್ಲಿ ಬಿದ್ದಿದ್ದ ಗೋದಲಿಯ ಹಲಗೆಗಳನ್ನೇ ಒಡೆದು ಒಲೆಗೆ ಹಾಕಿದ. ಅವು ಅವನ ತಾತ ಮಾಡಿಸಿದ ಹಲಗೆಗಳು. ದನಗಳು ಕುತ್ತಿಗೆ ಉಜ್ಜಿ ಉಜ್ಜಿ ಅವುಗಳ ಅಂಚು ನುಣುಪಾಗಿತ್ತು. ಅವೂ ಒಂದು ದಿನ ಉರಿದು ಬೂದಿಯಾದವು. ರೈತ ಕೂಸಿನ ಅಂಗಾಲು ಮುಟ್ಟಿ ನೋಡಿದ. ಫರಸಿಯಷ್ಟೇ ತಣ್ಣಗಿತ್ತು. ಕೂಸು ಅಳುವುದನ್ನೂ ಬಿಟ್ಟಿತ್ತು.

ಅವನಿಗೆ ಅಳು ಒತ್ತಿಕೊಂಡು ಬಂತು. ಮಗಳ ಎದುರಿಗೆ ಅಳಬಾರದೆಂದು ಹೊರಗೆ ಬಿದ್ದ. ಹೊಲಕ್ಕೆ ಹೋಗಿ, ಎತ್ತು ಹೂಡಿ, ಕಟ್ಟಿಗೆ ತರಲು ಪೇಟೆಯ ದಾರಿ ಹಿಡಿದ. ಪಾಪ, ಮನೆ ಬೆಚ್ಚಗಾಗಲು ಬೇಕಾದದ್ದನ್ನು ಗಾಡಿಗೆ ಕಟ್ಟಿಕೊಂಡೇ ಹೊರಟಿದ್ದ. ಆದರೆ ಅದು ಅವನಿಗೆ ಹೊಳೆಯಬೇಕಲ್ಲ!

ಹೊತ್ತು ಮುಳುಗುವಾಗ ಅರ್ಧ ಗಾಡಿ ಕಟ್ಟಿಗೆಯೊಡನೆ ಬಂದ. ಬಾಗಿಲಿಗೆ ಬಂದವನು ಒಳಗೆ ಕಾಲಿಡದೆ ನಿಂತುಬಿಟ್ಟ.

ಹೊಸ ಫರಸಿಯ ಮೇಲೆ ಗೇಣು ದಪ್ಪ ಹುಲ್ಲು ಹಾಸಿತ್ತು. ಹುಲ್ಲಿನ ಮೇಲೆ ಅವನ ಆಕಳು ಮಲಗಿ ಮೆಲುಕು ಹಾಕುತ್ತಿತ್ತು. ಪಕ್ಕದಲ್ಲಿ ಎಮ್ಮೆ. ಎಮ್ಮೆ ಆಗಲೇ ಬಾಲ ಬೀಸಿ ಸುಣ್ಣದ ಗೋಡೆಯ ಮೇಲೆ ತನ್ನ ಗುರುತು ಬರೆದಿತ್ತು. ಕಿಟಕಿಗಳೆರಡಕ್ಕೂ ಹುಲ್ಲಿನ ಹೊರೆ ಒತ್ತಿತ್ತು. ಬಾಣಂತಿಯ ಹೊರಸು ಕೋಣೆಯಿಂದ ಹೊರಗೆ, ಕಟ್ಟೆಯ ಅಂಚಿಗೆ ಬಂದಿತ್ತು. ಅದರ ಮೇಲೆ ಮಗಳು, ಅವಳ ಎದೆಯ ಮೇಲೆ ಕೂಸು. ಮುದುಕಿ ತಾನೇ ಹೊಲಕ್ಕೆ ಹೋಗಿ ದನ ಹೊಡೆದುಕೊಂಡು ಬಂದಿದ್ದಳು.

"ಯವ್ವಾ, ಇದೇನ ಮಾಡಿದಿ? ನಾಡದು ಬೀಗರು ಬರತಾರ. ನನ್ನ ಮರ್ಯಾದಿ ಉಳೀತೈತೇನ?"

"ಬೀಗರು ಬಂದು, ಉಂಡು, ಹೋಗತಾರೋ ನನ್ನಪ್ಪಾ," ಎಂದಳು ಮುದುಕಿ. "ಕೂಸು ಇರಬೇಕಲ್ಲ? ಹೋಗು, ಎತ್ತೂ ಒಳಗ ತಂದು ಕಟ್ಟು."

ರೈತ ಗೊಣಗಿಕೊಂಡೇ ಎತ್ತುಗಳನ್ನು ಒಳಗೆ ತಂದ. ಹಗ್ಗ ಬಿಗಿಯಲು ಗೂಟವಿರಲಿಲ್ಲ. ಬೀಗರು ನೋಡಲೆಂದು ಇರಿಸಿದ ಕಿಟಕಿಯ ಸರಳಿಗೇ ಬಿಗಿದ.

ಬೆಳಿಗ್ಗೆ ಅವನಿಗೆ ಎಚ್ಚರವಾದಾಗ ಹೊದ್ದ ಕಂಬಳಿ ಕಾಲ ಬುಡದಲ್ಲಿ ಬಿದ್ದಿತ್ತು. ನಿದ್ದೆಯಲ್ಲಿ ತಾನೇ ಒದ್ದು ಹಾಕಿದ್ದ. ಕಟ್ಟಿಗೆ ಗಾಡಿಯಲ್ಲೇ ಇತ್ತು. ನಾಲ್ಕು ದನಗಳ ಉಸಿರು ಮನೆ ತುಂಬಿತ್ತು, ಎತ್ತು ಮೆಲುಕು ಹಾಕುವ ಸದ್ದು ಅವನಿಗೆ ಮೊದಲ ಸಲ ಕೇಳಿಸಿತು. ಅದರ ಜೊತೆಗೆ ಇನ್ನೊಂದು ಸದ್ದು. ಕೂಸು ಹಾಲಿಗಾಗಿ ಅಳುತ್ತಿತ್ತು. ಅವನು ಅದರ ಅಂಗಾಲು ಮುಟ್ಟಿದ. ಬೆಚ್ಚಗಿತ್ತು. ಈ ಸಲ ಅವನು ಹೊರಗೆ ಹೋಗಲಿಲ್ಲ, ಮಗಳ ಎದುರಿಗೇ ಅತ್ತ.

ಮರುದಿನ ಬೀಗರು ಬಂದರು. ವ್ಯಾಪಾರಿ ನಸುಕಿನಿಂದ ಗಾಡಿಯಲ್ಲಿ ಕೂತು ಬಂದವನು. ಕೈ ಸೆಟೆದಿತ್ತು, ತುಟಿ ಕಪ್ಪಿಟ್ಟಿತ್ತು. ಹೊಸ್ತಿಲಲ್ಲಿ ನಿಂತು ಶಲ್ಯಕ್ಕೆ ಕೈ ಹಾಕಿದ. ರೈತ ತಲೆ ತಗ್ಗಿಸಿದ. ಅಷ್ಟರಲ್ಲಿ ಒಳಗಿನ ಕಾವು ವ್ಯಾಪಾರಿಯ ಮುಖಕ್ಕೆ ತಾಗಿತು. ಶಲ್ಯ ಮೂಗಿನ ತನಕ ಹೋಗಲಿಲ್ಲ. ಮುದುಕಿ ಮೊಮ್ಮಗಳನ್ನು ಎತ್ತಿಕೊಳ್ಳಿರೆಂದು ಕೂಸನ್ನು ಮುಂದೆ ಹಿಡಿದಳು. ವ್ಯಾಪಾರಿ ಕೈ ಚಾಚಿದ, ತನ್ನ ಬೆರಳುಗಳು ಎಷ್ಟು ತಣ್ಣಗಿವೆಯೆಂದು ನೆನಪಾಗಿ ಹಿಂದಕ್ಕೆಳೆದುಕೊಂಡ. ಆ ಕಡೆ ಈ ಕಡೆ ನೋಡಿದ. ಆಮೇಲೆ ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳನ್ನು ಆಕಳ ಕೊರಳಿನ ಕೆಳಗೆ ಇಟ್ಟು ಕಾಸಿಕೊಂಡ. ಕಾಸಿಕೊಂಡು ಕೂಸನ್ನು ಎತ್ತಿಕೊಂಡ. ರೈತ ತಂದಿದ್ದ ಕಟ್ಟಿಗೆಯಲ್ಲಿ ಅಂದು ಹೋಳಿಗೆ ಬೇಯಿಸಿದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಕೆಮ್ಮು ಬಂತು. ಮುರಿಗಯ್ಯ ಅವರ ಬೆನ್ನು ನೀವಿದ. ಕತೆ ಅವನಿಗೆ ಬಹಳ ಹಿಡಿಸಿತ್ತು. ದಾರಿ ಸಿಕ್ಕಿತೆಂದು ಅವನ ಮುಖ ಅರಳಿತ್ತು.

"ಹಂಗಾರ ಈಗಿಂದೀಗ ಮಠದ ಆಕಳನ್ನೆಲ್ಲ ತಂದು ಪಡಸಾಲ್ಯಾಗ ಕಟ್ಟತೇನ್ರಿ ಅಜ್ಜಾರ!"

ಗುರುಗಳು, ಸಂದಿಗೆಲ್ಲ ಬಟ್ಟೆ ತುರುಕಿ ಮುಚ್ಚಿದ ಬಾಗಿಲಿನ ಕಡೆ ನೋಡಿದರು. ಹೊರಗೆ ಯಾರೋ ಕೆಮ್ಮಿದರು. ಆ ಕೆಮ್ಮು ಕೇಳಿ ಇನ್ನೊಬ್ಬರು ಕೆಮ್ಮಿದರು.

"ಆಕಳು ಇರಲೆಪ್ಪಾ," ಎಂದರು ಗುರುಗಳು. "ಹೊರಗ ಜಗಲಿ ಮ್ಯಾಲ ಮಲಗೋರು ಎಷ್ಟು ಮಂದಿ ಅದಾರ?"

ಮುರಿಗಯ್ಯ ಎದ್ದು ಸಂದಿಯ ಬಟ್ಟೆ ಕಿತ್ತು, ಬಾಗಿಲು ತೆರೆದ.