ಎರಡು ಬೆರಳಿನ ಅಳತೆ

ದೇಸಾಯರು ವಿಲಾಯತಿಯಿಂದ ತರಿಸಿದ ನಾಯಿ ಕರುವಿನಷ್ಟು ಎತ್ತರವಿತ್ತು. ಹೆಸರು ಸರದಾರ. ಅದಕ್ಕೆ ದಿನಾ ಎಂಟು ರೊಟ್ಟಿ ಹಾಕಿ ಹಿಟ್ಟು ಖಾಲಿ ಮಾಡುತ್ತಾಳೆಂದು ಅಡಿಗೆಯ ಫಕೀರವ್ವನನ್ನು ಅಂದೇ ಬೆಳಿಗ್ಗೆ ಕೆಲಸದಿಂದ ಬಿಡಿಸಿದ್ದರು. ಕುದುರೆ ಜೀನು ಹೊಲಿಯುವ ಮುದುಕ ವಾಡೆಗೆ ಬಂದಾಗ, ಅವಳು ಬಟ್ಟೆಯ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ಕೂತಿದ್ದಳು.

"ಇದಕ್ಕೊಂದು ಕೊರಳಪಟ್ಟಿ ಆಗಬೇಕು. ಬೆಳ್ಳಿ ತಗಡಿನ ಮ್ಯಾಲೆ ನನ್ನ ಹೆಸರು ಕೆತ್ತು. ಅಳತಿ ತಪ್ಪಿದರ ಈ ಊರಾಗ ನಿನ್ನ ಅಂಗಡಿ ಇರೂದಿಲ್ಲ ನೋಡು," ಎಂದರು ದೇಸಾಯರು.

ಮುದುಕ ನಾಯಿಯನ್ನು ನೋಡಿದ; ಅದರ ಕಣ್ಣು ಫಕೀರವ್ವನ ಮೇಲೇ ಇತ್ತು. ಬಾಗಿಲಲ್ಲಿದ್ದ ಗಂಟನ್ನೂ ನೋಡಿದ.

"ಆಗಲಿ ಧಣೇರ. ಬಿಗಿ ಆದರ ಉಸಿರು ಕಟ್ಟತೈತಿ, ಸಡಿಲಾದರ ಕಳಚತೈತಿ. ಅದಕ್ಕ ಮಾಲೀಕರು ಅದರ ಕೊರಳಿಗೆ ಎರಡು ಬೆರಳು ಇಟ್ಟು ಹಿಡೀಬೇಕ್ರಿ. ನಾ ಮ್ಯಾಲೆ ದಾರ ಸುತ್ತತೀನಿ."

ಎರಡು ಬೆರಳಿನ ಮಾತು ಹಳೆಯದು. ಮಾಲೀಕರ ಬೆರಳೇ ಆಗಬೇಕೆಂಬ ಪದ್ಧತಿ ಮಾತ್ರ ಆ ಗಳಿಗೆಯಲ್ಲೇ ಹುಟ್ಟಿದ್ದು.

ದೇಸಾಯರು ಕೈ ಚಾಚಿದರು. ನಾಯಿ ಗುರ್ರೆಂದಿತು. ಇನ್ನೊಮ್ಮೆ ಚಾಚಿದರು. ಈ ಸಲ ಹಲ್ಲೂ ಕಂಡವು.

"ಫಕೀರವ್ವಾ!" ಎಂದು ಕೊನೆಗೆ ಅವರೇ ಕೂಗಿದರು.

ಅವಳು ಬಂದು ಕೂತು ಕೊರಳಿಗೆ ಬೆರಳಿಟ್ಟಳು. ಅಷ್ಟು ದೊಡ್ಡ ನಾಯಿ ಕಣ್ಣು ಮುಚ್ಚಿ ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಮುದುಕ ದಾರ ಸುತ್ತಿ, ಕೈಮುಗಿದು ಕೇಳಿದ:

"ಅಳತಿ ಸಿಕ್ತರಿ. ಈಗ ಮಾಲೀಕರ ಹೆಸರು ಯಾರದು ಕೆತ್ತಲಿ?"

ದೇಸಾಯರು ತಮ್ಮ ಬೆರಳುಗಳನ್ನೇ ನೋಡಿಕೊಂಡರು.

"ಬರೇ ನಾಯಿ ಹೆಸರು ಕೆತ್ತು," ಎಂದರು. ಆಮೇಲೆ ಮುಖ ಆಚೆ ತಿರುಗಿಸಿ, ಮೆಲ್ಲಗೆ ಹೇಳಿದರು: "ಫಕೀರವ್ವಾ, ಒಲಿ ಹಚ್ಚು. ಸರದಾರನ ರೊಟ್ಟಿಗೆ ಹೊತ್ತಾತು."