ಚಂದ್ರವ್ವನ ಅಂಗಾಲು

ಹೊಳೆದಂಡೆಯ ಆಶ್ರಮದಲ್ಲಿ ಚನ್ನವೀರಜ್ಜ ಅಂತ ಒಬ್ಬರು ಗುರುಗಳು. ಶಿಷ್ಯೆ ಮುಕ್ತಾ ಡಾಕ್ಟರು. ಓದಿನಲ್ಲಿ ಭಾರೀ ಚುರುಕು, ತಾಳ್ಮೆ ಮಾತ್ರ ಅಷ್ಟಕ್ಕಷ್ಟೇ.

ಅಡುಗೆಯ ಚಂದ್ರವ್ವನ ಅಂಗಾಲಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು. ವರ್ಷವಾದರೂ ಮಾಯದು. ಪಾದ ಜೋಮು ಹಿಡಿದು ನೋವೂ ತಿಳಿಯದು. ಇನ್ನೂ ಕೆಟ್ಟರೆ ಪಾದ ತೆಗೆಯಬೇಕು ಅಂತ ಆಸ್ಪತ್ರೆಯವರು ಹೇಳಿಬಿಟ್ಟಿದ್ದರು.

ಮುಕ್ತಾ ತನ್ನ ಪ್ರಯೋಗಾಲಯದಿಂದ ಹೊಸ ಔಷಧ ತಂದಳು.

“ಏನವ್ವಾ ಇದು?” ಅಜ್ಜ ಕೇಳಿದರು.

“ಜೀವಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಾಕ ಸಣ್ಣ ಚೀಲ ಬಿಡ್ತಾವ್ರಿ ಅಜ್ಜಾರ. ಕಣ್ಣಿಗೆ ಕಾಣಂಗಿಲ್ಲ. ಅಂಥಾ ಚೀಲದಾಗ ನಾವು ‘ಮಾಯು’ ಅನ್ನೋ ಸಂದೇಶ ತುಂಬೀವ್ರಿ.”

“ಭೇಷ್!” ಅಂದರು ಅಜ್ಜ.

ವಾರಗಳು ಕಳೆದವು. ಹುಣ್ಣು ಜಪ್ಪಯ್ಯ ಅಂದರೂ ಮಾಯಲಿಲ್ಲ.

“ಸಂದೇಶ ಸಾಲವಲ್ದು ಅಜ್ಜಾರ, ಇನ್ನೂ ಜೋರಿಂದು ತುಂಬಿಸಿ ತರ್ತೀನ್ರಿ,” ಅಂದಳು ಮುಕ್ತಾ. “ಚಂದ್ರವ್ವನ ಕಾಲು ಹೋದ್ರ ನನಗ ತಡಕೊಳ್ಳಾಕ ಆಗಂಗಿಲ್ಲ.”

ಅಜ್ಜ ಅವಳನ್ನು ಅಡುಗೆಮನೆ ಬಾಗಿಲಿಗೆ ಕರೆದೊಯ್ದರು.

ಬಾಗಿಲಾಚೆ ಚಂದ್ರವ್ವನ ಚಪ್ಪಲಿ ಬಿದ್ದಿದ್ದವು. ಹುಣ್ಣಿನ ಮೇಲೆ ಭಾರ ಬೀಳದಿರಲಿ ಅಂತ ಮುಕ್ತಾಳೇ ಮಾಡಿಸಿಕೊಟ್ಟ ಮೆತ್ತನೆಯವು. ಒಳಗೆ ಆಕೆ ಬರಿಗಾಲಲ್ಲಿ ಕಲ್ಲುನೆಲದ ಮೇಲೆ ನಿಂತು ಆಶ್ರಮಕ್ಕೆಲ್ಲ ರೊಟ್ಟಿ ಬಡಿಯುತ್ತಿದ್ದಳು.

“ಯವ್ವಾ, ಚಪ್ಪಲಿ ಯಾಕ ಬಿಟ್ಟಿ?” ಮುಕ್ತಾ ಚೀರಿದಳು.

“ಅಡಗಿಮನಿಗೆ ಯಾರರ ಚಪ್ಪಲಿ ಹಾಕ್ಕೊಂಡು ಬರ್ತಾರೇನವ್ವಾ? ಹೊರಗ ಹೋಗುಮುಂದ ತಪ್ಪದ ಹಾಕ್ಕೋತೀನಲ್ಲ. ಮುಂಜಾನಿಂದ ಸಂಜೀ ಮಟ ಇಲ್ಲೇ ಇರ್ತೀನಿ, ಏನ್ ಮಾಡ್ಲಿ?”

ಆಶ್ರಮ ಕಟ್ಟಿದಾಗಿನಿಂದ ಆ ಒಲೆಯ ಹತ್ತಿರ ಚಪ್ಪಲಿ ಸುಳಿದಿರಲಿಲ್ಲ. ಅಜ್ಜ ಅವನ್ನು ಎತ್ತಿಕೊಂಡು ಸೀದಾ ಒಳಗೆ ನಡೆದರು. ನೆಲಕ್ಕೆ ಕೂತು ಅವಳ ಪಾದ ತೊಡೆಯ ಮೇಲಿಟ್ಟುಕೊಂಡು, ಅಂಟಿದ್ದ ಹಿಟ್ಟು ಒರೆಸಿ, ಚಪ್ಪಲಿ ತೊಡಿಸಿದರು.

“ಅಯ್ಯಯ್ಯ, ಬ್ಯಾಡ್ರೀ ಅಜ್ಜಾರ! ನನಗ ಪಾಪ ಹತ್ತತೈತಿ!” ಚಂದ್ರವ್ವ ಅತ್ತೇಬಿಟ್ಟಳು.

“ಹತ್ತಿದ್ರ ನನಗ ಹತ್ತಲಿ. ನೀ ಕುಂದ್ರು.”

ಮುಕ್ತಾಳ ಕಣ್ಣೂ ತುಂಬಿತು. “ಹಂಗಾದ್ರ ನನ್ನ ಔಷಧ ಸುಳ್ಳೇನ್ರಿ?”

ಅಜ್ಜ ಕೈ ತೊಳೆದು ಬಂದು ಹಿಟ್ಟು ನಾದತೊಡಗಿದರು.

“ಸುಳ್ಳಲ್ಲ ತಂಗಿ. ಅಕಿ ಕಾಲಿಗೆ ನೀ ‘ಮಾಯು’ ಅಂತ ಹೇಳಿ ಕಳಿಸ್ತಿದ್ದಿ. ನಾವೆಲ್ಲಾ ದಿನಾ ಊಟಕ್ಕ ಕುಂತು ‘ನಿಂದ್ರು’ ಅಂತ ಹೇಳಿ ಕಳಿಸ್ತಿದ್ವಿ. ಪಾಪ, ಅದು ಯಾರ ಮಾತು ಕೇಳಬೇಕು?”